ತೆರೆಯ ಮೇಲಿನ ಕಾಲೇಜು, ಅರಕಲಗೂಡಿನ ವಿದ್ಯಾರ್ಥಿ

ಕನ್ನಡ ಚಲನಚಿತ್ರದಲ್ಲಿ ಕಾಣಬರುವ ಕಾಲೇಜು ಒಂದು ವಿಲಕ್ಷಣ ಸಂಸ್ಥೆ. ಅಲ್ಲಿ ಪಾಠ ನಡೆಯುವುದು ಅಪೂರ್ವ. ಶುಲ್ಕ ಕಟ್ಟಲು ಕಡೆಯ ದಿನವೆಂಬುದೊಂದು ಉಂಟೆಂದು ಯಾರಿಗೂ ತಿಳಿದಂತಿಲ್ಲ. ಪ್ರಾಂಶುಪಾಲರು ವಿದೂಷಕರು, ಉಪನ್ಯಾಸಕರು ನಾಯಕನ ಕುಚೋದ್ಯಕ್ಕೆ ಒದಗಿದ ಸಾಮಗ್ರಿ. ಮೂವತ್ತು ದಾಟಿದ ನಾಯಕನು ಹತ್ತೊಂಬತ್ತರ ಹುಡುಗನಾಗಿ ಮೆಟ್ಟಿಲಿಳಿದು ಬಂದನೆಂದರೆ ವಿದ್ಯಾಭ್ಯಾಸದ ಪ್ರಸಂಗ ಅಲ್ಲಿಗೆ ಸಮಾಪ್ತ. ರವಿಚಂದ್ರನ್ ಅವರ ‘ಪ್ರೇಮಲೋಕ’ 1987ರಲ್ಲಿ ಜಯಭೇರಿ ಹೊಡೆದ ಮೇಲಂತೂ ಕಾಲೇಜೆಂಬುದು ಹಾಡಿಗೂ ಮೋಟಾರು ಬೈಕಿಗೂ ಹೇಳಿ ಮಾಡಿಸಿದ ಅಂಗಳವಾಗಿಬಿಟ್ಟಿತು.

ಹಾಸನದವರಾದ ನಮಗೆ ಈ ವಿಷಯದಲ್ಲಿ ಮಾತನಾಡಲು ಒಂದು ವಿಶೇಷ ಅಧಿಕಾರವುಂಟು. 2016ರ ಡಿಸೆಂಬರ್ 30ರಂದು ತೆರೆಕಂಡು ನಾಡನ್ನೆಲ್ಲ ನಗಿಸಿದ ‘ಕಿರಿಕ್ ಪಾರ್ಟಿ’ಯ ಕಾಲೇಜು, ನಮ್ಮ ಸಾಲಗಾಮೆ ರಸ್ತೆಯ ಮಲೆನಾಡು ತಾಂತ್ರಿಕ ಮಹಾವಿದ್ಯಾಲಯವೇ. ರಿಷಬ್ ಶೆಟ್ಟರು ನಿರ್ದೇಶಿಸಿದ ಈ ಚಿತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಾಸ್ಟೆಲ್ಲಿನ ಮಾತಿನ ಧಾಟಿ, ಚುನಾವಣೆಯ ಜಗಳ, ಗೆಳೆತನದ ಉಡಾಫೆ, ಇವೆಲ್ಲ ಅಲ್ಲಿ ಬಲ್ಲವರ ಕೈಯಿಂದ ಬಂದಿವೆ. ನಾಯಕನನ್ನು ಮೊದಲ ವರ್ಷದಿಂದ ಕಡೆಯ ವರ್ಷದವರೆಗೆ ನಿಜವಾಗಿಯೂ ಬೆಳೆಯಗೊಟ್ಟದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಗೆಳೆಯರೆಲ್ಲ ಸೇರಿ ಹಳೆಯ ಕಾಂಟೆಸಾ ಕಾರೊಂದನ್ನು ಕೊಳ್ಳುವಾಗ, ಆ ಹಣ ಯಾವ ಮನೆಯಿಂದ, ಯಾವ ಬೆಳೆಯಿಂದ ಬಂದಿತೆಂದು ಕೇಳುವ ಗೋಜಿಗೆ ಚಿತ್ರ ಹೋಗುವುದಿಲ್ಲ. ನಮ್ಮ ಕಟ್ಟಡವೇನೋ ತೆರೆಯ ಮೇಲೆ ಬಂದಿತು. ನಮ್ಮ ವಿದ್ಯಾರ್ಥಿ ಬರಲಿಲ್ಲ.

ಆತನಾರೆಂದು ತಿಳಿಯಬೇಕಾದರೆ ಬೆಳಗಿನ ಹೊತ್ತು ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಸ್ವಲ್ಪ ಕಾಲ ನಿಂತರೆ ಸಾಕು. ಹಾಸನದ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಕಿಟಕಿಯಿಂದ ಟವೆಲು, ಟಿಫಿನ್ ಡಬ್ಬಿ, ರೆಕಾರ್ಡು ಪುಸ್ತಕಗಳು ಒಳಕ್ಕೆ ಹಾರಿ ಸೀಟು ಹಿಡಿಯುತ್ತವೆ. ಹುಡುಗರು ಪಾಸು ತೋರಿಸುತ್ತಾರೆ. 2023ರ ಜೂನ್ 11ರಿಂದೀಚೆಗೆ ಹೆಣ್ಣುಮಕ್ಕಳು ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಪಡೆಯುತ್ತಾರೆ, ಮತ್ತು ಬಸ್ಸು ತುಂಬಿತೆಂದು ಕಂಡಕ್ಟರು ರೈಟ್ ಅಂದರೆ ಮೊದಲ ತರಗತಿಯ ಹಾಜರಿಯನ್ನು ಅಲ್ಲಿಯೇ ಕಳೆದುಕೊಳ್ಳುತ್ತಾರೆ. ಹೊಳೆನರಸೀಪುರಕ್ಕೆ ಮೈಸೂರಿನ ರೈಲಾದರೂ ಉಂಟು, ಚನ್ನರಾಯಪಟ್ಟಣಕ್ಕೆ 2017ರಿಂದ ಬೆಂಗಳೂರಿನ ನೇರ ಹಳಿ ದೊರಕಿದೆ. ಅರಕಲಗೂಡಿನ ಹುಡುಗನಿಗೆ ಬಸ್ಸೇ ಗತಿ. ಅವನ ಮನೆಯಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿಗೆ ರಾತ್ರಿಯಿಡೀ ಸೌದೆ ಒಡ್ಡುವ ಸರದಿ ಅವನದೂ ಹೌದು. ರಾಮನಾಥಪುರದ ಹರಾಜಿನಲ್ಲಿ ಸೊಪ್ಪಿಗೆ ಎಷ್ಟು ಬೆಲೆ ಬಿದ್ದಿತೆಂಬುದರ ಮೇಲೆ ಆ ವರ್ಷದ ಶುಲ್ಕವೂ, ತಂಗಿಯನ್ನು ಪದವಿಗೆ ಸೇರಿಸಬೇಕೆ ಬೇಡವೆ ಎಂಬುದೂ ತೀರ್ಮಾನವಾಗುತ್ತದೆ. ಇಷ್ಟು ಕಥಾವಸ್ತುವನ್ನು ಬಿಟ್ಟು ನಮ್ಮ ಚಿತ್ರಕರ್ತರು ಹಾಡಿಗಾಗಿ ಸ್ವಿಟ್ಜರ್ಲೆಂಡಿಗೆ ಹೋಗಿಬಂದರೆಂಬುದು ಸೋಜಿಗ.

ಹಿಂದೆ ಹೀಗಿರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ವಾರಾನ್ನವುಂಡು ಓದಿ, ನಡುವೆ ಓದನ್ನೇ ಬಿಟ್ಟು ಮುಂಬಯಿಯಲ್ಲಿ ರೈಲ್ವೆ ಕೂಲಿಯಾಗಿ ದುಡಿದು, ಮರಳಿ ಬಂದು ವಿದ್ಯಾರ್ಥಿಯಾದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ ಚಿತ್ರವಾಗಿಸಿದಾಗ, ಎಲ್. ವಿ. ಶಾರದಾ ಅಭಿನಯಿಸಿದ ಕಾತ್ಯಾಯಿನಿಯ ರೂಪದಲ್ಲಿ ಕನ್ನಡಕ್ಕೆ ಒಬ್ಬ ನಿಜವಾದ ವಿದ್ಯಾರ್ಥಿನಿ ದೊರೆತಳು. ನಂಜನಗೂಡಿನ ಸಂಪ್ರದಾಯಸ್ಥರ ಮನೆಯ ಆ ತರುಣ ವಿಧವೆಗೆ ಮೈಸೂರಿನ ಕಾಲೇಜಿಗೆ ಹೋಗುವುದೇ ಒಂದು ಜನ್ಮಾಂತರ. ಅವಳ ಓದನ್ನು ತೆಗೆದುಹಾಕಿದರೆ ಕಥೆಯೇ ಉಳಿಯದು. ಪಿ. ಲಂಕೇಶರ ‘ಪಲ್ಲವಿ’ (1976) ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಲೇಜಿನಲ್ಲಿ ಮೊಳೆತ ಪ್ರೀತಿ ನಿರುದ್ಯೋಗದ ಬಿಸಿಲಿಗೆ ಏನಾಗುತ್ತದೆಂಬುದನ್ನು ಹೆಣ್ಣಿನ ಕಣ್ಣಿನಿಂದಲೇ ತೋರಿಸಿತು. ಈ ಎರಡಕ್ಕೂ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದಿತೆಂಬುದನ್ನು ಮರೆಯಲಾಗದು.

ಜನ ವಿನೋದಕ್ಕೆ ಬರುತ್ತಾರೆ, ಹಾಜರಾತಿ ಪುಸ್ತಕ ನೋಡುವುದಕ್ಕಲ್ಲ ಎಂದು ಚಿತ್ರೋದ್ಯಮದವರು ಹೇಳುವುದುಂಟು. ತೇಜಸ್ವಿಯವರ ಕಥೆಯನ್ನಾಧರಿಸಿ, ಅವರ ಅಭಿಮಾನಿಗಳೇ ಹಣ ಕೂಡಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಒಂದು ಸಣ್ಣ ಊರಿನ ಕಾಲೇಜಿನ ಕಥೆಯೇ; ಅದರಲ್ಲಿ ನಗುವಿಗೇನೂ ಕೊರತೆಯಾಗಲಿಲ್ಲ. ನಮ್ಮಂತೆಯೇ ಅಬ್ಬರದ ಚಿತ್ರಗಳಿಗೆ ಹೆಸರಾದ ನೈಜೀರಿಯಾದಲ್ಲಿ ಕೂಡ ಕುನ್ಲೆ ಅಫೊಲಾಯನ್ ಎಂಬ ನಿರ್ದೇಶಕ, ಪ್ರಾಧ್ಯಾಪಕನ ಲೈಂಗಿಕ ಕಿರುಕುಳವನ್ನು ವಿಶ್ವವಿದ್ಯಾಲಯದ ವಿಚಾರಣಾ ಸಮಿತಿಯೆದುರು ತಂದು ನಿಲ್ಲಿಸುವ ವಿದ್ಯಾರ್ಥಿನಿಯೊಬ್ಬಳನ್ನು ‘ಸೈಟೇಷನ್’ (2020) ಚಿತ್ರದಲ್ಲಿ ಸೃಷ್ಟಿಸಿದ. ಇಲ್ಲಿ ಅಂಥ ಪ್ರಸಂಗ ಬಂದರೆ ನಾಯಕನೇ ಬಂದು ಹೊಡೆದು ಮುಗಿಸಬೇಕು. ದೂರು ಬರೆಯುವ ಶ್ರಮ ಹುಡುಗಿಗೆ ತಪ್ಪುತ್ತದೆ!

ಈ ಕೆಲವು ವರ್ಷಗಳಲ್ಲಿ ನಮ್ಮ ಮಕ್ಕಳ ಮೇಲೆ ಹಾದುಹೋದದ್ದೆಷ್ಟು! 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಹೋಯಿತು. ಅತಿಥಿ ಉಪನ್ಯಾಸಕರು ಮುಷ್ಕರ ಹೂಡಿ ಬೀದಿಯಲ್ಲಿ ಕುಳಿತಾಗ ತರಗತಿಗಳು ಬರಿದಾದವು. 2023ರಲ್ಲಿ ಹಾಸನಕ್ಕೊಂದು ವಿಶ್ವವಿದ್ಯಾಲಯ ಬಂದಿತೆಂದು ಸಂತೋಷಪಟ್ಟವರು, ಎರಡೇ ವರ್ಷಗಳಲ್ಲಿ ಅದನ್ನು ಮುಚ್ಚುವ ಪ್ರಸ್ತಾಪವನ್ನೂ ಕೇಳಬೇಕಾಯಿತು. ಇವುಗಳಲ್ಲೊಂದೂ ತೆರೆಯ ಕಾಲೇಜಿನ ಕಾಂಪೌಂಡನ್ನು ದಾಟಿದಂತೆ ತೋರದು. ಮುಂದೆ ಹಾಸನಕ್ಕೆ ಚಿತ್ರೀಕರಣಕ್ಕೆ ಬರುವ ನಿರ್ದೇಶಕರಲ್ಲಿ ನನ್ನದೊಂದೇ ವಿಜ್ಞಾಪನೆ: ಕಟ್ಟಡ ನೋಡುವ ಮೊದಲು ಅರಕಲಗೂಡಿನಿಂದ ಹೊರಡುವ ಬೆಳಗಿನ ಬಸ್ಸು ಹತ್ತಿ ಬನ್ನಿ, ಮತ್ತು ನಿಂತುಕೊಂಡೇ ಬನ್ನಿ.