ಅರಮನೆಯ ಕಾರಂಜಿ, ಬೆಟ್ಟದ ಕಾಲುವೆ

ದಕ್ಷಿಣ ಸ್ಪೇನಿಗೆ ರಜೆಯಲ್ಲಿ ಹೋಗುವ ಕುಟುಂಬಗಳ ಪ್ರವಾಸಪಟ್ಟಿ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಮಾಲಗಾ ವಿಮಾನ ನಿಲ್ದಾಣದಲ್ಲಿ ಇಳಿದು ಒಂದೆರಡು ದಿನ ಕಡಲತೀರ. ಅನಂತರ ಸೆವಿಯಾದ ಅರಮನೆ, ಕೊರ್ದೊಬಾದ ಹಳೆಯ ಮಸೀದಿ. ಕೊನೆಗೆ ಗ್ರಾನಡಾದ ಅಲ್ಹಾಂಬ್ರಾ. 2011ರಲ್ಲಿ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಹಿಂದಿ ಚಿತ್ರ ಬಂದ ಮೇಲೆ ಭಾರತದಿಂದ ಹೋಗುವವರೂ ಹೆಚ್ಚಿದ್ದಾರೆ. ಅವರ ಪಟ್ಟಿಯೂ ಬೇರೆಯಲ್ಲ. ಆ ಪಟ್ಟಿಯಲ್ಲಿ ಇರುವುದೆಲ್ಲವೂ ನೋಡತಕ್ಕದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಸ್ಥಳಗಳಿಗೆಲ್ಲ ಜೀವ ಕೊಟ್ಟ ಒಂದು ವಸ್ತು ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅದು ಬೆಟ್ಟದ ಮಣ್ಣಿನ ಕಾಲುವೆ.

ಅಲ್ಹಾಂಬ್ರಾದ ಮೇಲ್ಭಾಗದ ಹೆನೆರಲೀಫೆ ತೋಟದಲ್ಲಿ ಒಂದು ಮೆಟ್ಟಿಲುಸಾಲು ಇದೆ. ಅದರ ಎರಡೂ ಬದಿಯ ಗೋಡೆಗಳ ನೆತ್ತಿಯನ್ನೇ ದಂಬೆಯಂತೆ ತೋಡಿ ನೀರು ಹರಿಯಿಸಿದ್ದಾರೆ. ಮೆಟ್ಟಿಲಿಳಿಯುವ ಮಕ್ಕಳು ಕೈಯನ್ನು ಆ ನೀರಿನಲ್ಲಿ ಅದ್ದಿಕೊಂಡೇ ಇಳಿಯುತ್ತಾರೆ. ಜುಲೈ ತಿಂಗಳ ಬಿಸಿಲಿನಲ್ಲಿ, ಒಣಗುಡ್ಡದ ತಲೆಯ ಮೇಲೆ, ಈ ತಣ್ಣನೆಯ ನೀರು ಎಲ್ಲಿಂದ ಬಂತೆಂದು ಯಾವುದೇ ಮಗು ಕೇಳಬಹುದು. ಮಾರ್ಗದರ್ಶಕರ ಮಾತು ಸಾಮಾನ್ಯವಾಗಿ ಸುಲ್ತಾನರ ಹೆಸರು, ಗಾರೆಯ ಕುಸುರಿ, ಹನ್ನೆರಡು ಅಮೃತಶಿಲೆಯ ಸಿಂಹಗಳ ವರ್ಣನೆಯಲ್ಲಿ ಮುಗಿಯುತ್ತದೆ.

ಉತ್ತರ ಸರಳವಾಗಿದೆ. ದಾರ್ರೊ ನದಿ ಆ ಗುಡ್ಡದ ಬುಡದಲ್ಲಿ, ಬಹಳ ಕೆಳಗೆ ಹರಿಯುತ್ತದೆ. ಅಲ್ಲಿಂದ ನೀರನ್ನು ಮೇಲೆತ್ತುವುದು ಸುಲಭವಲ್ಲ. ಆದ್ದರಿಂದ ಸುಮಾರು 6 ಕಿಲೋಮೀಟರ್ ಮೇಲಕ್ಕೆ ಹೋಗಿ, ನದಿಯೇ ಎತ್ತರದಲ್ಲಿರುವಲ್ಲಿ ಕಟ್ಟೆ ಹಾಕಿ, ಇಳಿಜಾರಿನ ಪಕ್ಕೆಯಲ್ಲಿ ಕಾಲುವೆ ಕಡಿದು ತಂದರು. ಒಂದನೆಯ ಮುಹಮ್ಮದ್ 1238ರಲ್ಲಿ ಈ ಕೆಲಸವನ್ನು ಆರಂಭಿಸಿದ. ಇಂದು ಜನ ಸಾಲುಗಟ್ಟಿ ನೋಡುವ ಅರಮನೆಯ ಅಂಗಳಗಳು ಬಹುತೇಕ 14ನೆಯ ಶತಮಾನದವು. ಕಾಲುವೆ ಬಂದ ಸುಮಾರು ನೂರು ವರ್ಷಗಳ ಬಳಿಕ ಬಂದ ಅಲಂಕಾರ ಅದು.

ಕೊರ್ದೊಬಾದಲ್ಲಿಯೂ ಇದೇ ಕಥೆ. 785ರಲ್ಲಿ ಕಟ್ಟಲು ತೊಡಗಿದ ಮಸೀದಿಯ 850ಕ್ಕೂ ಹೆಚ್ಚು ಕಂಬಗಳನ್ನು, 16ನೆಯ ಶತಮಾನದಲ್ಲಿ ಅವುಗಳ ನಡುವೆಯೇ ಎಬ್ಬಿಸಿದ ಚರ್ಚನ್ನು ಕಂಡು ಬೆರಗಾಗದವರಿಲ್ಲ. ಹೊರಗಿನ ಕಿತ್ತಳೆಯ ಅಂಗಳದಲ್ಲಿ ಮರದಿಂದ ಮರಕ್ಕೆ ನೀರು ಒಯ್ಯುವ ಸಣ್ಣ ಕಲ್ಲುಗಾಲುವೆಗಳಿವೆ. ಪ್ರವಾಸಿಗರು ಅವುಗಳನ್ನು ದಾಟಿಕೊಂಡು ಹೋಗುತ್ತಾರೆ, ಅಷ್ಟೆ. ಆ ಮರದ ಹೆಸರು ಸ್ಪ್ಯಾನಿಷಿನಲ್ಲಿ ‘ನರಾಂಹಾ’. ಸಂಸ್ಕೃತದ ‘ನಾರಂಗ’ವೇ ಪಾರಸಿ, ಅರಬ್ಬಿಗಳ ಮೂಲಕ ಅಲ್ಲಿಗೆ ತಲುಪಿದೆ. ಸಕ್ಕರೆಗೆ ಅವರು ಹೇಳುವ ‘ಅಸೂಕರ್’ ನಮ್ಮ ಶರ್ಕರವೇ. ಈ ಶಬ್ದಯಾತ್ರೆಯ ಹಿಂದೆ ಒಂದು ಬೇಸಾಯದ ಸತ್ಯವಿದೆ. ರೋಮನ್ನರ ಕಾಲದ ಗೋಧಿ, ದ್ರಾಕ್ಷಿ, ಆಲಿವ್‌ಗಳು ಮೆಡಿಟರೇನಿಯನ್ ವಾಯುಗುಣಕ್ಕೆ ಒಗ್ಗಿದ ಬೆಳೆಗಳು. ಚಳಿಗಾಲದ ಮಳೆಯನ್ನು ನೆಚ್ಚಿಕೊಂಡು ಬೇಸಿಗೆಯ ಒಣಹವೆಯನ್ನು ಹೇಗೋ ಕಳೆಯಬಲ್ಲವು. ಪೂರ್ವದಿಂದ ಬಂದ ಕಬ್ಬು, ಕಿತ್ತಳೆ, ನಿಂಬೆ, ಬದನೆಗಳು ಹಾಗಲ್ಲ. ಮಳೆಯ ಹನಿಯೂ ಇಲ್ಲದ ಬೇಸಿಗೆಯಲ್ಲಿಯೇ ಅವು ನೀರು ಬೇಡುತ್ತವೆ. ಬೆಳೆಯ ಜೊತೆಗೆ ನೀರಿನ ವಿದ್ಯೆಯೂ ಬರಲೇಬೇಕಾಯಿತು. ಕಾಲುವೆ, ಕೊಳ, ನೀರೆತ್ತುವ ಚಕ್ರ ಇವುಗಳಿಗೆ ಸ್ಪ್ಯಾನಿಷಿನಲ್ಲಿ ಇಂದಿಗೂ ಇರುವ ಅಸೆಕಿಯಾ, ಅಲ್ಬೆರ್ಕಾ, ನೊರಿಯಾ ಎಂಬ ಹೆಸರುಗಳು ಅರಬ್ಬಿ ಮೂಲದವು. ಸೆವಿಯಾದ ಇಬ್ನ್ ಅಲ್ ಅವ್ವಾಮ್ 12ನೆಯ ಶತಮಾನದಲ್ಲಿ ಬರೆದ ಕೃಷಿಗ್ರಂಥದಲ್ಲಿ ಮಣ್ಣು, ಗೊಬ್ಬರ, ಕಸಿ, ನೀರಾವರಿಗಳ ವಿವರಗಳೊಂದಿಗೆ 500ಕ್ಕೂ ಹೆಚ್ಚು ಸಸ್ಯಗಳ ಪ್ರಸ್ತಾಪವಿದೆ. 1802ರಲ್ಲಿ ಅದನ್ನು ಸ್ಪ್ಯಾನಿಷಿಗೆ ಅನುವಾದಿಸಿ ಪ್ರಕಟಿಸಿದಾಗಲೂ ಅದನ್ನು ಬರಿಯ ಪುರಾತನ ವಸ್ತುವೆಂದು ಯಾರೂ ಭಾವಿಸಿರಲಿಲ್ಲ. ರೈತರಿಗೆ ಉಪಯೋಗವಾದೀತೆಂಬುದೇ ಉದ್ದೇಶವಾಗಿತ್ತು.

ಅರಮನೆಯಲ್ಲಿ ಈ ವಿದ್ಯೆ ಈಗ ಪ್ರದರ್ಶನದ ವಸ್ತು. ಅದು ಇನ್ನೂ ದುಡಿಯುತ್ತಿರುವುದನ್ನು ಕಾಣಬೇಕಾದರೆ ಗ್ರಾನಡಾದಿಂದ ದಕ್ಷಿಣಕ್ಕೆ, ಸಿಯೆರಾ ನೆವಾಡಾ ಪರ್ವತದ ಇನ್ನೊಂದು ಮಗ್ಗುಲಿನ ಅಲ್ಪುಹಾರಾ ಸೀಮೆಗೆ ಹೋಗಬೇಕು. ಸುಮಾರು 3,480 ಮೀಟರ್ ಎತ್ತರದ ಮುಲಾಸೆನ್ ಶಿಖರದ ಕೆಳಗೆ, ಕಡಿದಾದ ಕಣಿವೆಗಳ ಪಕ್ಕೆಗೆ ಅಂಟಿಕೊಂಡ ಸುಣ್ಣ ಬಳಿದ ಹಳ್ಳಿಗಳು. ಅವುಗಳ ಸುತ್ತ ಮೆಟ್ಟಿಲುಗದ್ದೆಗಳು, ಚೆಸ್ಟ್‌ನಟ್ ಮತ್ತು ಆಕ್ರೋಟದ ಮರಗಳು. ವಸಂತದಲ್ಲಿ ಹಿಮ ಕರಗಿದಾಗ ನೀರೆಲ್ಲ ಒಮ್ಮೆಲೇ ಹೊಳೆಗೆ ಇಳಿದು ಕಡಲು ಸೇರಬೇಕು. ಅಲ್ಲಿನ ಜನ ಹಾಗೆ ಬಿಡಲಿಲ್ಲ. ಬೆಟ್ಟದ ಮೇಲ್ಭಾಗದಲ್ಲಿಯೇ ನೀರನ್ನು ತಡೆದು, ಇಳಿಜಾರಿಗೆ ಅಡ್ಡಲಾಗಿ ತೋಡಿದ ಕಾಲುವೆಗಳಲ್ಲಿ ನಡೆಸಿ, ಬಂಡೆ ಬಿರಿದ, ಮಣ್ಣು ಸಡಿಲವಾದ ಜಾಗಗಳಲ್ಲಿ ಬೇಕೆಂದೇ ಇಂಗಲು ಬಿಡುತ್ತಾರೆ. ‘ಕರೇಯೊ’ ಎಂದು ಅದಕ್ಕೆ ಹೆಸರು. ನೆಲದೊಳಗೆ ನಿಧಾನವಾಗಿ ಜಾರುವ ಆ ನೀರು ವಾರಗಳ, ಕೆಲವೊಮ್ಮೆ ತಿಂಗಳುಗಳ ಅನಂತರ ಕೆಳಗಿನ ಊರುಗಳ ಒರತೆಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಬೇಸಿಗೆ ಬಂದಿರುತ್ತದೆ, ಗದ್ದೆಗೆ ನೀರು ಬೇಕಾಗಿರುತ್ತದೆ. ಗುಡ್ಡದ ತಲೆಯ ಮದಕ ತುಂಬಿದರೆ ಕೆಳಗಿನ ತೋಟದ ಬಾವಿ ಬತ್ತದು ಎಂಬುದನ್ನು ಬಲ್ಲ ನಮ್ಮ ಕರಾವಳಿ, ಮಲೆನಾಡಿನ ಕೃಷಿಕರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಇದನ್ನು ಕಟ್ಟಿ ಬೆಳೆಸಿದವರನ್ನು ಉಳಿಸಿಕೊಳ್ಳುವ ವಿವೇಕ ಅಂದಿನ ಪ್ರಭುತ್ವಕ್ಕೆ ಇರಲಿಲ್ಲ. 1492ರಲ್ಲಿ ಗ್ರಾನಡಾ ಕ್ರೈಸ್ತ ಅರಸರ ವಶವಾಯಿತು. ಬಲವಂತದ ಮತಾಂತರ, ಭಾಷೆ ಉಡುಪುಗಳ ಮೇಲಿನ ನಿಷೇಧಗಳಿಂದ ರೋಸಿಹೋದ ಮೊರಿಸ್ಕೊ ಜನ 1568ರಲ್ಲಿ ಇದೇ ಅಲ್ಪುಹಾರಾದಲ್ಲಿ ದಂಗೆಯೆದ್ದರು. ದಂಗೆಯನ್ನು ಹತ್ತಿಕ್ಕಿದ ಮೇಲೆ ಅವರನ್ನು ಗ್ರಾನಡಾ ಸೀಮೆಯಿಂದಲೇ ಹೊರಗಟ್ಟಿ, ಉತ್ತರದಿಂದ ಬೇರೆ ಒಕ್ಕಲುಗಳನ್ನು ತಂದು ಕೂರಿಸಲಾಯಿತು. ಕಾಲುವೆ, ಗದ್ದೆಗಳ ಮರ್ಮ ಕಲಿಸಲೆಂದು ಊರಿಗೆರಡು ಮೊರಿಸ್ಕೊ ಮನೆತನಗಳನ್ನು ಮಾತ್ರ ಉಳಿಸಿಕೊಂಡರೆಂಬ ಹೇಳಿಕೆ ಅಲ್ಲಿ ಪ್ರಚಲಿತವಾಗಿದೆ. ಅದು ಎಷ್ಟು ನಿಜವೋ, ಕಾಲುವೆಗಳಂತೂ ಉಳಿದವು. ಹೊಸಬರಿಗೆ ಅದನ್ನು ಬಿಟ್ಟು ಬದುಕುವ ಬೇರೆ ದಾರಿಯಿರಲಿಲ್ಲ. ಸರದಿಯ ಪ್ರಕಾರ ನೀರು ಹಂಚುವುದು, ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ತೆಗೆಯುವುದು, ಎಲ್ಲವನ್ನೂ ನೋಡಿಕೊಳ್ಳಲು ಒಬ್ಬ ನೀರ್ಗಂಟಿ. ಧರ್ಮ ಬದಲಾಯಿತು, ಭಾಷೆ ಬದಲಾಯಿತು, ಈ ಕ್ರಮ ನಡೆದುಕೊಂಡು ಬಂದಿತು.

ಅದಕ್ಕೆ ನಿಜವಾದ ಪೆಟ್ಟು ಬಿದ್ದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಯುವಕರು ಬಾರ್ಸಿಲೋನಾಕ್ಕೆ, ಜರ್ಮನಿಗೆ, ಹತ್ತಿರದ ಕಡಲತೀರದ ಹೋಟೆಲುಗಳಿಗೆ ದುಡಿಯಲು ಹೋದರು. ಹಳ್ಳಿಗಳಲ್ಲಿ ಸಲಿಕೆ ಹಿಡಿಯುವ ಕೈಗಳು ಕಡಿಮೆಯಾದವು. ಆಗ ನೆರವಿಗೆ ಬಂದದ್ದು ಕೃಷಿವಿಜ್ಞಾನವೇ, ಅದೂ ತಪ್ಪು ಲೆಕ್ಕ ಹಿಡಿದುಕೊಂಡು. ಮಣ್ಣಿನ ಕಾಲುವೆಯಲ್ಲಿ ನೀರು ಸೋರುತ್ತದೆ, ಸೋರಿದ್ದೆಲ್ಲ ನಷ್ಟ, ಆದ್ದರಿಂದ ಸಿಮೆಂಟು ಬಳಿಯಿರಿ ಅಥವಾ ಕೊಳವೆ ಹಾಕಿರಿ ಎಂಬ ಸಲಹೆ. ಹೊಲದ ಅಂಚಿನಲ್ಲಿ ನಿಂತು ಅಳೆದವರಿಗೆ ಇದು ಸರಿಯೆಂದೇ ಕಂಡೀತು. ಇಡೀ ಬೆಟ್ಟವನ್ನು ಕಣ್ಣಿನ ಮುಂದೆ ಇಟ್ಟುಕೊಂಡರೆ ಚಿತ್ರವೇ ಬೇರೆ. ಸೋರುವುದಕ್ಕಾಗಿಯೇ ಮಾಡಿದ ಕಾಲುವೆ ಅದು. ಆ ಸೋರಿಕೆಯಿಂದ ಚೆಸ್ಟ್‌ನಟ್ ಮರಗಳು ನಿಂತಿವೆ, ಇಳಿಜಾರಿನ ಮಣ್ಣು ನಿಂತಿದೆ, ಕೆಳಗಿನ ಊರಿನ ಒರತೆ ಜಿನುಗುತ್ತಿದೆ. ಕೊಳವೆ ಹಾಕಿದವನ ಲೆಕ್ಕದಲ್ಲಿ ಉಳಿತಾಯವಾದ ನೀರು ಕೆಳಗಿನವನ ಒರತೆಯಿಂದ ಕಿತ್ತುಕೊಂಡ ನೀರು. ಕೊಳವೆ ಬಯಸುವ ಹಳ್ಳಿಗನನ್ನು ಇದಕ್ಕಾಗಿ ದೂರುವಂತಿಲ್ಲ. ಎಪ್ಪತ್ತು ವರ್ಷದ ಮುದುಕನಿಗೆ ಬೆಟ್ಟ ಹತ್ತಿ ಹೂಳೆತ್ತಲು ಹೇಳುವ ಹಕ್ಕು ಯಾರಿಗಿದೆ? ಆದರೆ ಅವನ ಶ್ರಮಕ್ಕೆ ಬೆಲೆ ಕಟ್ಟದೆ, ಕೊಳವೆಯ ಖರ್ಚಿಗೆ ಮಾತ್ರ ಸಾರ್ವಜನಿಕ ಹಣ ಕೊಡುವ ನೀತಿಯನ್ನು ಖಂಡಿತವಾಗಿ ಪ್ರಶ್ನಿಸಬೇಕು.

ಇದಕ್ಕೆ ಎದುರಾಗಿ ಪಕ್ಕದ ಅಲ್ಮೇರಿಯಾ ಪ್ರಾಂತವನ್ನು ನೋಡಬಹುದು. ಹಳೆಯ ಕೌಬಾಯ್ ಚಿತ್ರಗಳ ಬಯಲನ್ನು ಮಕ್ಕಳಿಗೆ ತೋರಿಸಲೆಂದು ತಬೆರ್ನಾಸ್ ಮರುಭೂಮಿಗೆ ಹೋಗುವ ಕುಟುಂಬಗಳು, ಮುಂದೆ ಕರಾವಳಿಯ ಹೆದ್ದಾರಿಗೆ ಇಳಿದಾಗ ಬೆಳ್ಳಗೆ ಹರಡಿದ ಪ್ಲಾಸ್ಟಿಕ್ಕಿನ ಕಡಲನ್ನು ಕಾಣುತ್ತವೆ. 30,000 ಹೆಕ್ಟೇರಿಗೂ ಮೀರಿದ ಹಸಿರುಮನೆಗಳು ಅವು. ಯುರೋಪಿನ ಚಳಿಗಾಲದ ಟೊಮೆಟೊ, ದೊಣ್ಣೆಮೆಣಸು, ಸೌತೆಗಳು ಅಲ್ಲಿಂದ ಹೋಗುತ್ತವೆ. ಅಲ್ಲಿ ಪ್ರತಿ ಹನಿಗೂ ಲೆಕ್ಕವಿದೆ, ಹನಿ ನೀರಾವರಿಯ ದಕ್ಷತೆಯಲ್ಲಿ ಯಾರೂ ತಪ್ಪು ಹುಡುಕಲಾರರು. ಹಾಗಿದ್ದೂ ಅಂತರ್ಜಲ ಕುಸಿದು ಕೊಳವೆಬಾವಿಗಳಿಗೆ ಉಪ್ಪುನೀರು ನುಗ್ಗಿದೆ, ಏಕೆಂದರೆ ಉಳಿದ ಹನಿಯಿಂದ ಇನ್ನಷ್ಟು ಹಸಿರುಮನೆಗಳು ಎದ್ದವು. ಮಾಲಗಾದ ಪೂರ್ವಕ್ಕೆ ಬೆಣ್ಣೆಹಣ್ಣು, ಮಾವಿನ ತೋಟಗಳು ಹಬ್ಬಿದ ಸೀಮೆಯಲ್ಲಿ 2024ರ ಆರಂಭಕ್ಕೆ ವಿನ್ಯುವೆಲಾ ಜಲಾಶಯದ ನೀರು ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿದಿತ್ತು. ಪಶ್ಚಿಮದ ದೊನ್ಯಾನಾ ರಾಷ್ಟ್ರೀಯ ಉದ್ಯಾನದ ಸುತ್ತ ಸ್ಟ್ರಾಬೆರಿ ಬೆಳೆಗಾಗಿ ನೀರೆತ್ತಿದ್ದರ ಕುರಿತು ಯುರೋಪಿನ ನ್ಯಾಯಾಲಯವೇ 2021ರಲ್ಲಿ ಸ್ಪೇನಿನ ವಿರುದ್ಧ ತೀರ್ಪಿತ್ತಿತು. ಮರುವರ್ಷ ಅಲ್ಲಿನ ಅತಿದೊಡ್ಡ ಶಾಶ್ವತ ಸರೋವರ ಬತ್ತಿಹೋಯಿತು.

ಹೀಗಿರುವಾಗ ಗ್ರಾನಡಾ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಕೈಗೊಂಡ ಕೆಲಸ ಗಮನಾರ್ಹ. 2014ರಿಂದ ಅವರು ವಿದ್ಯಾರ್ಥಿಗಳು ಹಾಗೂ ಸ್ವಯಂಸೇವಕರೊಂದಿಗೆ ಅಲ್ಪುಹಾರಾದ ಕನ್ಯಾರ್ ಮುಂತಾದ ಊರುಗಳಿಗೆ ಹೋಗಿ, ದಶಕಗಳಿಂದ ಹೂಳು ತುಂಬಿದ್ದ ಕಾಲುವೆಗಳನ್ನು ಊರವರ ಜೊತೆಗೇ ತೋಡಿ ಮತ್ತೆ ನೀರು ಹರಿಸುತ್ತಿದ್ದಾರೆ. ಅವಶೇಷಗಳನ್ನು ಅಗೆದು ಗಾಜಿನ ಪೆಟ್ಟಿಗೆಯಲ್ಲಿಡುವ ಜನ, ಇಲ್ಲಿ ಅಗೆದದ್ದನ್ನು ರೈತನ ಕೈಗೆ ಮರಳಿಸಿದ್ದಾರೆ. ಸ್ವಯಂಸೇವಕರ ಉತ್ಸಾಹ ವರ್ಷಕ್ಕೊಂದೆರಡು ವಾರದ್ದು, ಹೂಳು ಪ್ರತಿವರ್ಷವೂ ತುಂಬುವಂಥದ್ದು. ಅಲ್ಹಾಂಬ್ರಾಕ್ಕೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬರುತ್ತಾರೆ. ಆ ಹಣದ ಒಂದು ಸಣ್ಣ ಪಾಲು ಬೆಟ್ಟದ ನೀರ್ಗಂಟಿಗಳ ಸಂಬಳಕ್ಕೆ ಸಂದರೆ ಅದನ್ನು ದಾನವೆಂದು ಯಾರೂ ಕರೆಯಬೇಕಾಗಿಲ್ಲ.

ಅಲ್ಲಿಯತನಕ ರಜೆಗೆ ಬಂದ ಕುಟುಂಬಗಳು ಎಂಟು ದಿನಗಳಲ್ಲಿ ಒಂದನ್ನು ಅಲ್ಪುಹಾರಾಕ್ಕೆ ಎತ್ತಿಡಬಹುದು. ಅರಮನೆಗೆ ವಾರಗಳ ಮೊದಲೇ ಟಿಕೆಟ್ ಕಾದಿರಿಸಬೇಕು. ಅಲ್ಪುಹಾರಾಕ್ಕೆ ಗ್ರಾನಡಾದಿಂದ ಬಸ್ಸು ಹಿಡಿದರೆ ಸಾಕು, ಸುಮಾರು ಎರಡು ಗಂಟೆಯ ದಾರಿ. ಪಂಪನೇಯ್ರಾ ಊರಿನ ಓಣಿಯ ನಟ್ಟನಡುವೆ, ಕಲ್ಲುಹಾಸಿನಲ್ಲಿ ತೋಡಿದ ಸಣ್ಣ ದಂಬೆಯಲ್ಲಿ ನೀರು ಹರಿಯುತ್ತದೆ. ಮಕ್ಕಳು ಅಲ್ಲಿಯೂ ಕೈ ಅದ್ದಬಹುದು, ಮತ್ತೆ ಅದೇ ಪ್ರಶ್ನೆ ಕೇಳಬಹುದು. ಊರಿನ ಮೇಲಿನ ಕಾಲುದಾರಿಯಲ್ಲಿ ಅರ್ಧ ದಿನ ನಡೆದರೆ ಕಾಲುವೆಯೇ ಸಿಗುತ್ತದೆ.