ದಿನಾಂಕ ಸರಿ, ಆದರೆ ಅರ್ಥ?

ಪ್ರಯೋಗಶಾಲೆಯಲ್ಲಿ ಲವಣ ಕೊಟ್ಟರೆ ಬಣ್ಣ ನೋಡಿಯೇ ಹೆಸರು ಬರೆದುಬಿಡುವ ವಿದ್ಯಾರ್ಥಿಗಳಿರುತ್ತಾರೆ. ನೀಲಿ ಕಂಡರೆ ಸಾಕು, ಮೈಲುತುತ್ತ! ಉತ್ತರ ಸರಿಯಿದ್ದರೂ ನಾನು ಪೂರ್ಣ ಅಂಕ ಕೊಡುವುದಿಲ್ಲ. ರಾಜಕಾರಣಿಗಳ ಮಾತನ್ನೂ ನಾವು ಹೀಗೆಯೇ ಪಕ್ಷದ ಬಣ್ಣ ನೋಡಿ ಒಪ್ಪುತ್ತೇವೆ, ಇಲ್ಲವೇ ತಳ್ಳಿಹಾಕುತ್ತೇವೆ. ಶಿರೂರು ಪೇಟೆಯಲ್ಲಿ ಚಹಾ ಆರುವುದರೊಳಗೆ ತೀರ್ಪು ಹೊರಬಿದ್ದಿರುತ್ತದೆ.

2016ರ ಜೂನ್ 22ರಂದು ರಾಜ್ಯಸಭಾ ಸದಸ್ಯ ಸುಬ್ರಮಣಿಯನ್ ಸ್ವಾಮಿಯವರು ಕೇಂದ್ರದ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರನ್ನು ವಜಾ ಮಾಡಬೇಕೆಂದರು. ಆರೋಪವಿಷ್ಟು: 2013ರ ಮಾರ್ಚ್ 13ರಂದು ಅವರು ಅಮೆರಿಕದ ಸಂಸತ್ತಿಗೆ, ನಿಮ್ಮ ಔಷಧ ಕಂಪನಿಗಳ ಹಿತಕ್ಕಾಗಿ ಭಾರತದ ವಿರುದ್ಧ ಕ್ರಮ ಕೈಗೊಳ್ಳಿ ಎಂದಿದ್ದರು.

ಮಕ್ಕಳೇ, ಇದನ್ನು ಬಿಡಿಸಿ ನೋಡೋಣ. ದಿನಾಂಕ ಸರಿ. ಸ್ಥಳವೂ ಸರಿ, ಅಲ್ಲಿನ ಕೆಳಮನೆಯ ವ್ಯಾಪಾರ ಉಪಸಮಿತಿಯ ಮುಂದೆ ಅವರು ಹಾಜರಾಗಿದ್ದರು. ಆದರೆ ಆಗ ಅವರು ವಾಷಿಂಗ್ಟನ್ನಿನ ಪೀಟರ್ಸನ್ ಸಂಸ್ಥೆಯ ಅರ್ಥಶಾಸ್ತ್ರಜ್ಞರು. ನಮ್ಮ ಸರಕಾರದ ಸಲಹೆಗಾರರಾದದ್ದು 2014ರ ಅಕ್ಟೋಬರಿನಲ್ಲಿ, ಹತ್ತೊಂಬತ್ತು ತಿಂಗಳ ಬಳಿಕ. ಈ ಅಂತರ ಹೇಳದಿದ್ದರೆ, ಭಾರತ ಸರಕಾರದ ಅಧಿಕಾರಿಯೇ ಹೋಗಿ ಚಾಡಿ ಹೇಳಿದಂತೆ ಕೇಳಿಸುತ್ತದೆ.

ಇನ್ನು ಹೇಳಿದ್ದೇನು? ಎರಡೂ ದೇಶಗಳ ವ್ಯಾಪಾರ ಬೆಳೆಯಬೇಕು, ಮುಕ್ತ ವ್ಯಾಪಾರ ಒಪ್ಪಂದದತ್ತ ಸಾಗಬೇಕು ಎಂಬುದು ಅವರ ಮುಖ್ಯ ವಾದ. ತಕರಾರು ಇರುವಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರುವ ದಾರಿಯನ್ನೂ ಸೂಚಿಸಿದ್ದರು. ಹಾಗಾಗಿ ಸ್ವಾಮಿಯವರ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆದರೆ ಆ ಸಂಸ್ಥೆಯಲ್ಲಿ ಭಾರತವೂ ಸದಸ್ಯ. 2016ರಲ್ಲಿ ಅಮೆರಿಕದ ಮೇಲೆ ನಾವೂ ಅಲ್ಲಿ ದೂರು ಕೊಟ್ಟಿದ್ದೇವೆ. ನಮ್ಮ ಸೌರಫಲಕ ನೀತಿಯ ವಿರುದ್ಧ ಅಮೆರಿಕ ಅಲ್ಲಿಗೆ ಹೋದದ್ದು 2013ರ ಫೆಬ್ರವರಿಯಲ್ಲಿ, ಅಂದರೆ ಇವರು ಬಾಯಿ ತೆರೆಯುವ ಮೊದಲೇ.

ಔಷಧದ ಹೆಸರೆತ್ತಿದರೆ ಜನರಿಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. 2012ರ ಮಾರ್ಚಿನಲ್ಲಿ ಬಾಯರ್ ಕಂಪನಿಯ ಕ್ಯಾನ್ಸರ್ ಮಾತ್ರೆಯನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋಗೆ ನಮ್ಮ ಪೇಟೆಂಟ್ ಕಚೇರಿ ಕಡ್ಡಾಯ ಪರವಾನಿಗೆ ಕೊಟ್ಟಿತು. ತಿಂಗಳಿಗೆ 2.80 ಲಕ್ಷ ರೂಪಾಯಿಯ ಔಷಧ ಒಂಬತ್ತು ಸಾವಿರದೊಳಗೆ ಬಂತು. ರೋಗಿಯ ಮನೆಯವರಿಗೆ ಇದು ವ್ಯಾಪಾರನೀತಿಯ ಚರ್ಚೆಯಲ್ಲ, ಗದ್ದೆ ಮಾರಬೇಕೋ ಬೇಡವೋ ಎಂಬ ಪ್ರಶ್ನೆ.

ಅಂಥ ಸಲಹೆ ಕೊಟ್ಟವರು ಮುಂದೆ ನಮ್ಮ ಸಲಹೆಗಾರರಾಗಬಹುದೇ? ಇದಕ್ಕೆ ಪ್ರನಾಳ ಪರೀಕ್ಷೆಯಿಲ್ಲ; ಅದು ಅಭಿಪ್ರಾಯ. ತಂದೆ ಒಂದು ಹೇಳಲಿ, ಮಗಳು ಇನ್ನೊಂದು ಹೇಳಲಿ. ಸರಕಾರಕ್ಕೆ ಅವರಲ್ಲಿ ಪೂರ್ಣ ವಿಶ್ವಾಸವಿದೆ ಎಂದು ಅರ್ಥ ಸಚಿವ ಅರುಣ್ ಜೇಟ್ಲಿ ಅಂದೇ ಹೇಳಿದರು. ಅರವಿಂದ ಸುಬ್ರಮಣಿಯನ್ 2018ರವರೆಗೂ ಆ ಹುದ್ದೆಯಲ್ಲಿದ್ದರು.