ಸ್ವಂತ ಹೆಸರಿನ ಮತ

ಹೈದರಾಬಾದಿನ ಬೇಗಂ ಬಜಾರ್, ಎರಡನೆಯ ನಿಜಾಮನ ಪತ್ನಿ ಹುಮ್ದಾ ಬೇಗಂ ವರ್ತಕರಿಗೆ ಕೊಟ್ಟ ಜಾಗದಲ್ಲಿ ಬೆಳೆದ ಸಗಟು ಪೇಟೆಯೆಂದು ಪ್ರಸಿದ್ಧವಾಗಿದೆ. ಹೀಗೆ ಒಬ್ಬ ಹೆಣ್ಣುಮಗಳ ಕೊಡುಗೆಯಿಂದ ಎದ್ದ ಪೇಟೆಯ ಹೆಂಗಸರಿಗೆ ಮತ ಹಾಕುವ ಹಕ್ಕು ಕೈಗೂಡಿದ್ದು ಮೊದಲ ಮಹಾಚುನಾವಣೆಯಲ್ಲಿ. ಪೇಟೆಗೆ ಸಮೀಪದ ನಾಂಪಲ್ಲಿಯಲ್ಲಿ ಮನೆ ಮಾಡಿದ್ದ ಸರೋಜಿನಿ ನಾಯ್ಡು 1917ರ ಡಿಸೆಂಬರ್ 18ರಂದು ಮದರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗುವಿನ ಎದುರು ಮಹಿಳಾ ನಿಯೋಗದ ನೇತೃತ್ವ ವಹಿಸಿ ಈ ಹಕ್ಕನ್ನು ಕೇಳಿದ್ದರು. ಮದರಾಸು, ಮುಂಬಯಿ ಪ್ರಾಂತ್ಯಗಳು 1921ರಲ್ಲಿ ಒಪ್ಪಿದರೂ, ಆಸ್ತಿ, ತೆರಿಗೆಗಳ ಷರತ್ತಿನಿಂದಾಗಿ ಮತ ದಕ್ಕಿದ್ದು ಕೆಲವೇ ಸ್ತ್ರೀಯರಿಗೆ. ನಿಜಾಮರ ಸಂಸ್ಥಾನವಂತೂ ಈ ವ್ಯವಸ್ಥೆಯಿಂದ ಹೊರಗೇ ಉಳಿಯಿತು.

1935ರ ಭಾರತ ಸರ್ಕಾರ ಕಾಯ್ದೆ ಮತದಾರ್ತಿಯರ ಸಂಖ್ಯೆಯನ್ನು ಹೆಚ್ಚಿಸಿತಾದರೂ, ಅವರಲ್ಲಿ ಬಹಳ ಮಂದಿಗೆ ಮತ ಸಿಕ್ಕಿದ್ದು ಆಸ್ತಿವಂತನ ಪತ್ನಿಯೆಂಬ ಕಾರಣಕ್ಕೆ, ಅಂದರೆ ಗಂಡನ ಅರ್ಹತೆಯ ಆಧಾರದ ಮೇಲೆ. ಪ್ರಾಪ್ತ ವಯಸ್ಸಿನ ಪ್ರತಿಯೊಬ್ಬರಿಗೂ ಮತ ಬೇಕೆಂದು ಅಖಿಲ ಭಾರತ ಮಹಿಳಾ ಸಮ್ಮೇಳನ ಹಿಡಿದ ಹಟವೇ ಸರಿಯಾಗಿತ್ತು, ಏಕೆಂದರೆ ಗಂಡನ ಲೆಕ್ಕದಲ್ಲಿ ಬಂದದ್ದು ಹಕ್ಕಾಗದು. ಸಂವಿಧಾನದ 326ನೇ ವಿಧಿ ಆ ಬೇಡಿಕೆಯನ್ನು ಪೂರ್ತಿ ಒಪ್ಪಿತು. ಅದನ್ನು ನೋಡಲು ಸರೋಜಿನಿಯವರು ಉಳಿದಿರಲಿಲ್ಲ, 1949ರ ಮಾರ್ಚಿನಲ್ಲಿಯೇ ತೀರಿಕೊಂಡಿದ್ದರು.

ಆದರೆ ಹಳೆಯ ಅಭ್ಯಾಸ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಲ್ಲಿ ತಲೆಯೆತ್ತಿತು. ಉತ್ತರದ ಕೆಲವು ರಾಜ್ಯಗಳಲ್ಲಿ ಅನೇಕ ಸ್ತ್ರೀಯರು ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು; ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲವಾದ್ದರಿಂದ, ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಪಟ್ಟಿಯಿಂದ ಹೊರಗುಳಿದರು. ಕಠಿಣವೆನಿಸಿದರೂ ಆ ನಿಲುವು ಹೆಣ್ಣಿನ ಪರವಾಗಿಯೇ ಇತ್ತು. ಅದೇ ಚುನಾವಣೆಯಲ್ಲಿ ಬೇಗಂ ಬಜಾರಿನ ಹೆಂಗಸರ ಜೊತೆಗೆ ಬೀದರ್, ಗುಲ್ಬರ್ಗಾ, ರಾಯಚೂರಿನ ಕನ್ನಡದ ಹೆಣ್ಣುಮಕ್ಕಳೂ ಒಂದೇ ಹೈದರಾಬಾದ್ ವಿಧಾನಸಭೆಯನ್ನು ಆರಿಸಿದರು. ಮೂಸಿ ನದಿಯಾಚೆಯ ಶಾಲಿಬಂಡಾದಿಂದ ಮಾಸೂಮಾ ಬೇಗಂ ಗೆದ್ದು ಬಂದರು.

ಇಂದಿಗೂ ಮದುವೆಯಾಗಿ ಬೇಗಂ ಬಜಾರಿಗೆ ಬಂದ ಸೊಸೆ, ವಿಳಾಸ ಬದಲಾವಣೆಗಿರುವ ನಮೂನೆ 8ನ್ನು ತುಂಬದಿದ್ದರೆ ಆಕೆಯ ಮತ ತವರಿನ ಪಟ್ಟಿಯಲ್ಲೇ ಉಳಿಯುತ್ತದೆ. ಆದುದರಿಂದ ಪಟ್ಟಿ ಪರಿಷ್ಕರಿಸಲು ಬರುವ ಮತಗಟ್ಟೆ ಮಟ್ಟದ ಅಧಿಕಾರಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಗಂಡಸನ್ನು ವಿಚಾರಿಸಿ ಹಿಂದಿರುಗದೆ, ಮಹಡಿ ಹತ್ತಿ ಆಕೆಯನ್ನೇ ಕೇಳಬೇಕು.